ಕಾಲುಸಂಕದ ಕಡತ ‘ಲಭ್ಯವಿಲ್ಲ’ ಅಂತೆ. ಮುಂದೇನು ಮಾಡಬೇಕು?

ಹಿನ್ನೀರ ದಡದವ:
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ಕಡೆಯವನು. ನಮ್ಮದು ಊರು ಅಂತ ಹೇಳುವಷ್ಟಿಲ್ಲ, ಒಟ್ಟು 11 ಮನೆ. ಮನೆಗಳಿಗೂ ಟಾರ್ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಪಾದ ನೆನೆಯುವುದಿಲ್ಲ, ಆಷಾಢದಲ್ಲಿ ಎಮ್ಮೆಯನ್ನೂ ಎಳೆದುಕೊಂಡು ಹೋಗುತ್ತದೆ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ನಾವೇ ನಾಲ್ಕು ಅಡಿಕೆ ಮರ ಕಡಿದು ಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಹಾಕುತ್ತೇವೆ. ಮಕ್ಕಳು ಅದರ ಮೇಲೇ ಶಾಲೆಗೆ ಹೋಗಬೇಕು.

ಈ ಸಲದ ಗ್ರಾಮಸಭೆಯಲ್ಲಿ ಹಳೆಯ ಕಾಮಗಾರಿಗಳ ಪಟ್ಟಿ ಓದುತ್ತಿದ್ದರು. ಅದರಲ್ಲಿ ನಮ್ಮ ಊರಿನ ಹೆಸರು ಹೇಳಿ ‘ಕಾಂಕ್ರೀಟ್ ಕಾಲುಸಂಕ, ಪೂರ್ಣ’ ಅಂದರು! ನಾನು ಎದ್ದು ಎಲ್ಲಿದೆ ಅಂತ ಕೇಳಿದೆ. ಲಿಖಿತವಾಗಿ ಕೇಳಿ ಅಂದರು. ಸರಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಸದರಿ ಕಾಲುಸಂಕದ ಬಗ್ಗೆ ಸಂಪೂರ್ಣ ಮಾಹಿತಿ ಕೊಡಿ, ಯಾಕೆ ಕಟ್ಟಿಲ್ಲ ಎಂಬುದಕ್ಕೆ ಕಾರಣ ತಿಳಿಸಿ’ ಅಂತ ಬರೆದಿದ್ದೆ. 28ನೇ ದಿನ ಹಿಂಬರಹ ಬಂತು. ಒಂದೇ ಸಾಲು. ‘ತಾವು ಕೋರಿರುವ ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

ಇದಕ್ಕೆ ಏನು ಮಾಡಬೇಕು, ಗೊತ್ತಿದ್ದವರು ಹೇಳಿ. ಪಂಚಾಯಿತಿ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಬೇಡಿ. ನಾಳೆ ಅಲ್ಲಿಗೇ ಹೋಗಬೇಕು ನಾನು.

ಮಲೆನಾಡ ಗಿಡ್ಡ:
ಸಿಗಂದೂರಿಗೆ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆಯೇ ಆಗಿಹೋಯಿತು. ನಿಮ್ಮ ಹಳ್ಳಕ್ಕೊಂದು ಸಂಕ ಆಗಲಿಲ್ವಾ ಮಾರಾಯ್ರೆ.

ಹಿನ್ನೀರ ದಡದವ:
ಆಗಿದೆಯಂತಲ್ಲ! ಕಾಗದದಲ್ಲಿ ದಾಟಿಕೊಂಡು ಹೋಗುತ್ತಿದ್ದೇವೆ.

ಲಾ ಓದುತ್ತಿರುವವಳು:
ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಅರ್ಜಿಯೇ ಸರಿ ಇಲ್ಲ. ‘ಯಾಕೆ ಕಟ್ಟಿಲ್ಲ’ ಅನ್ನುವುದು ಪ್ರಶ್ನೆ. ಕಾಯ್ದೆ ಪ್ರಕಾರ ಕಚೇರಿಯಲ್ಲಿ ದಾಖಲೆ ರೂಪದಲ್ಲಿ ಇರುವುದನ್ನು ಕೊಡಬೇಕು ಅಷ್ಟೆ. ಕಾರಣ ಯೋಚಿಸಿ ಉತ್ತರ ಬರೆದು ಕೊಡುವ ಹೊಣೆ ಅವರಿಗೆ ಇಲ್ಲ. ‘ಸಂಪೂರ್ಣ ಮಾಹಿತಿ’ ಅಂದರೂ ಅಷ್ಟೆ, ತಪ್ಪಿಸಿಕೊಳ್ಳಲು ನಾವೇ ಬಾಗಿಲು ತೆರೆದು ಕೊಟ್ಟ ಹಾಗೆ.

ಆದರೆ ಅವರ ಹಿಂಬರಹವೂ ತಪ್ಪು. ಬೇರೆ ಕಚೇರಿಯಲ್ಲಿ ಇದ್ದರೆ ಕಾಯ್ದೆಯ ಕಲಂ 6(3)ರ ಕೆಳಗೆ 5 ದಿನದೊಳಗೆ ಆ ಕಚೇರಿಗೆ ಅರ್ಜಿಯನ್ನು ವರ್ಗಾಯಿಸಿ ನಿಮಗೆ ತಿಳಿಸಬೇಕಿತ್ತು. ಕೊಡದಿದ್ದರೆ ಯಾವ ಕಲಂ ಕೆಳಗೆ ನಿರಾಕರಿಸಿದ್ದೇವೆ, ಯಾರಿಗೆ ಮೇಲ್ಮನವಿ ಹಾಕಬೇಕು ಅಂತ ಬರೆಯಬೇಕು. ಬರೆದಿದ್ದಾರಾ?

ಹಿನ್ನೀರ ದಡದವ:
ಇಲ್ಲ. ಸೀಲು ಮಾತ್ರ ಚೆನ್ನಾಗಿ ಬಿದ್ದಿದೆ.

ಪತ್ರೊಡೆ ಪ್ರಿಯ:
30 ದಿನದ ಒಳಗೆ ಮೊದಲ ಮೇಲ್ಮನವಿ ಹಾಕಿ. ಪಂಚಾಯಿತಿಗೆ ಆದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಓ) ಅವರಿಗೆ. ಅಲ್ಲೂ ಆಗದಿದ್ದರೆ 90 ದಿನದ ಒಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಪ್ಪಿದ ಅಧಿಕಾರಿಗೆ ದಿನಕ್ಕೆ 250ರಂತೆ ಹೆಚ್ಚೆಂದರೆ 25,000 ದಂಡ.

ಕೊಡಚಾದ್ರಿ ಮಂಜು:
ದಂಡದ ಕತೆ ಹೇಳಿ ಹುಡುಗರ ತಲೆ ಕೆಡಿಸಬೇಡಿ. ಆಯೋಗದಲ್ಲಿ ನನ್ನ ಒಂದು ಫೈಲು ವಿಚಾರಣೆಗೆ ಬರುವುದಕ್ಕೆ ವರ್ಷದ ಮೇಲಾಯಿತು. ಅಷ್ಟರಲ್ಲಿ ಆ ಅಧಿಕಾರಿಗೆ ಎರಡು ಸಲ ವರ್ಗ ಆಗಿತ್ತು. ವಿಚಾರಣೆ ದಿನ ಬಂದಿದ್ದವರು ಹೊಸಬರು, ಪಾಪ ಅವರಿಗೆ ನಮ್ಮ ಊರು ಯಾವ ದಿಕ್ಕಿಗಿದೆ ಅಂತಲೂ ಗೊತ್ತಿಲ್ಲ.

ನಿವೃತ್ತ ಗುಮಾಸ್ತ:
ನಾನು 31 ವರ್ಷ ಬೇರೆ ಬೇರೆ ಕಚೇರಿಯಲ್ಲಿ ಕಡತ ಹೊತ್ತವನು. ಎರಡು ಮಾತು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

‘ಲಭ್ಯವಿಲ್ಲ’ ಅನ್ನುವುದು ಎಷ್ಟೋ ಸಲ ಅಕ್ಷರಶಃ ನಿಜ. ಅದೇ ಅದರ ಚಂದ! ಒಂದು ಕಾಮಗಾರಿಯ ಕಾಗದಗಳು ಒಂದೇ ಕಡೆ ಇರುವುದಿಲ್ಲ. ಮೊದಲು ಗ್ರಾಮಸಭೆಯ ಠರಾವು, ಅದು ನಡಾವಳಿ ಪುಸ್ತಕದಲ್ಲಿ. ಅದರಿಂದ ಕ್ರಿಯಾ ಯೋಜನೆ. ಆಮೇಲೆ ಇಂಜಿನಿಯರ್ ಬಂದು ಅಂದಾಜು ಪಟ್ಟಿ ಮಾಡುತ್ತಾರೆ, ಮಂಜೂರಾತಿ ಆಗುತ್ತದೆ, ಕಾರ್ಯಾದೇಶ ಹೊರಡುತ್ತದೆ. ಕೆಲಸ ಆದ ಮೇಲೆ ಇಂಜಿನಿಯರ್ ಅಳತೆ ಪುಸ್ತಕದಲ್ಲಿ, ನಾವು ಎಂ.ಬಿ. ಅನ್ನುತ್ತಿದ್ದೆವು, ಉದ್ದ ಅಗಲ ಎತ್ತರ ಬರೆದು ಸಹಿ ಹಾಕಬೇಕು. ಅದು ಇಲ್ಲದೆ ಬಿಲ್ಲು ಪಾಸಾಗುವುದಿಲ್ಲ. ಈ ಎಂ.ಬಿ. ಎಷ್ಟೋ ಸಲ ಪಂಚಾಯಿತಿಯಲ್ಲಿ ಇರುವುದೇ ಇಲ್ಲ, ತಾಲ್ಲೂಕಿನಲ್ಲಿ ಇಂಜಿನಿಯರ್ ಹತ್ತಿರ ಇರುತ್ತದೆ. ನೀವು ‘ಸಂಪೂರ್ಣ ಮಾಹಿತಿ’ ಅಂದಿರಿ, ಅವರ ಹತ್ತಿರ ಸಂಪೂರ್ಣ ಇಲ್ಲ, ‘ಲಭ್ಯವಿಲ್ಲ’ ಅಂದರು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ.

ಅದಕ್ಕೇ ಕಾಗದವನ್ನು ಅದರ ಹೆಸರು ಹಿಡಿದು ಕೇಳಬೇಕು. ದನದ ಹಟ್ಟಿಗೆ ಹೋಗಿ ‘ದನ ಕೊಡಿ’ ಅಂದರೆ ಯಾರು ಕೊಡುತ್ತಾರೆ? ‘ಬಿಳಿ ಹಣೆಯ ಕೆಂಪು ಹಸು’ ಅನ್ನಬೇಕು.

ಸಾಗರದ ಅಕ್ಕ:
ಗುಮಾಸ್ತರೇ, 31 ವರ್ಷ ಇದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಈಗ ಹೇಳುತ್ತಿದ್ದೀರಲ್ಲ! ಕೌಂಟರಿನ ಆ ಕಡೆ ಇದ್ದಾಗ ಹೇಳಿದ್ದರೆ ನಮ್ಮ ಚಪ್ಪಲಿ ಉಳಿಯುತ್ತಿತ್ತು.

ನಿವೃತ್ತ ಗುಮಾಸ್ತ:
ಹೇಳಿದ್ದೇನೆ ಅಕ್ಕಾ, ಕೇಳಿದವರಿಗೆ. ಕೇಳಿದವರು ಕಡಿಮೆ, ಕೂಗಾಡಿದವರು ಜಾಸ್ತಿ.

ಕೊಡಚಾದ್ರಿ ಮಂಜು:
ಕೂಗಾಡದೆ ಏನು ಮಾಡಬೇಕು? ಅರ್ಜಿ ಕೊಟ್ಟರೆ ಮೊದಲ ಪ್ರಶ್ನೆ ‘ನಿಮಗ್ಯಾಕೆ ಬೇಕು?’

ಲಾ ಓದುತ್ತಿರುವವಳು:
ಹಾಗೆ ಕೇಳುವಂತೆಯೇ ಇಲ್ಲ. 6(2) ನೋಡಿ, ಅರ್ಜಿದಾರ ಕಾರಣ ಹೇಳಬೇಕಿಲ್ಲ. ಸಂಪರ್ಕಕ್ಕೆ ವಿಳಾಸ ಸಾಕು.

ತುಂಗೆಯ ತಡಿ:
ಇನ್ನೊಂದು ಮುಖವೂ ಇದೆ, ಯಾರೂ ಹೇಳುತ್ತಿಲ್ಲ. ನಮ್ಮ ಕಡೆ ಒಬ್ಬರು ಇದ್ದಾರೆ, ಎಲ್ಲಿ ರಸ್ತೆ ಕೆಲಸ ಶುರುವಾದರೂ ಮರುದಿನ ಅರ್ಜಿ. ಆಮೇಲೆ ಗುತ್ತಿಗೆದಾರನ ಜತೆ ಹೋಟೆಲಿನಲ್ಲಿ ಕೂತು ಕಾಫಿ. ಅದಾದ ಮೇಲೆ ಅರ್ಜಿ ವಾಪಸ್. ಇಂಥವರಿಂದಲೇ ನಿಜವಾಗಿ ಬೇಕಾದವನು ಹೋದರೂ ಅನುಮಾನದಿಂದ ನೋಡುತ್ತಾರೆ.

ಕೊಡಚಾದ್ರಿ ಮಂಜು:
ಕಾಫಿ ಕುಡಿಸಿದವನ ತಪ್ಪೇನೂ ಇಲ್ವಾ? ಅಡಗಿಸಿಡಲು ಏನೂ ಇಲ್ಲದಿದ್ದರೆ ಅವನು ಯಾಕೆ ಕುಡಿಸಬೇಕು?

ತುಂಗೆಯ ತಡಿ:
ಇಬ್ಬರ ತಪ್ಪೂ ಇದೆ ಅಂತಲೇ ಹೇಳಿದ್ದು.

ಕೊಡಚಾದ್ರಿ ಮಂಜು:
ಹಾಗೆ ಹೇಳಲಿಲ್ಲ ನೀವು. ಮೇಲೆ ಹೋಗಿ ಓದಿ.

ಪತ್ರೊಡೆ ಪ್ರಿಯ:
ಇಬ್ಬರೂ ಒಂದೊಂದು ಕಾಫಿ ಕುಡಿದು ಬನ್ನಿ. ಬೇರೆ ಬೇರೆ ಹೋಟೆಲಿನಲ್ಲಿ. ಈ ವಸೂಲಿ ಚಾಳಿಗೆ ಮದ್ದು ಕಾಯ್ದೆಯಲ್ಲೇ ಇದೆ. 4(1)(ಬಿ)ಯಲ್ಲಿ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಕಚೇರಿ ಪ್ರಕಟಿಸಬೇಕು. ಬಜೆಟ್ಟು, ಖರ್ಚು, ಫಲಾನುಭವಿಗಳು ಎಲ್ಲ ಅದರಲ್ಲಿ ಬರುತ್ತದೆ. ಗೋಡೆ ಮೇಲೆ ಬರೆದಿಟ್ಟ ವಿಷಯಕ್ಕೆ ಯಾರು ದುಡ್ಡು ಕೊಡುತ್ತಾರೆ?

ಓಡಿ ಬಂದವ ಬೆಂಗಳೂರಿಗೆ:
ಸರ್ಕಾರದ ‘ಮಾಹಿತಿ ಕಣಜ’ ಜಾಲತಾಣ ಇದೆಯಲ್ಲ, ನೋಡಿದ್ದೀರಾ? ಪಂಚಾಯಿತಿ ಆಯ್ಕೆ ಮಾಡಿದರೆ ಎಷ್ಟೋ ಇಲಾಖೆಗಳ ವಿವರ ಬರುತ್ತದೆ. ರಾಜಸ್ಥಾನದಲ್ಲಿ 2019ರಲ್ಲಿ ಜನ ಸೂಚನಾ ಅಂತ ಇಂಥದ್ದೇ ಒಂದು ಶುರುವಾಯಿತು. ಅದಕ್ಕೆ ಮೊದಲು ಅಲ್ಲಿನ ಕೂಲಿಕಾರರು ‘ನಮ್ಮ ಹೆಸರಲ್ಲಿ ಬರೆದ ಹಾಜರಿ ಪಟ್ಟಿ ನಮಗೇ ತೋರಿಸಿ’ ಅಂತ ವರ್ಷಗಟ್ಟಲೆ ಹೋರಾಡಿದ್ದಾರೆ, 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತಿದ್ದರು. ದೇಶಕ್ಕೆ 2005ರ ಕಾಯ್ದೆ ಬರುವುದಕ್ಕೆ ಅಂಥವೇ ಕಾರಣ. ನಮ್ಮ ಕರ್ನಾಟಕ ಅಂತೂ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು.

ಮಲೆನಾಡ ಗಿಡ್ಡ:
ಕಣಜ ಇದೆ ಸ್ವಾಮಿ, ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಈ ಪೋಸ್ಟನ್ನು ಗುಡ್ಡದ ಮೇಲಿನ ಗೇರು ಮರದ ಕೆಳಗೆ ನಿಂತು ಹಾಕುತ್ತಿದ್ದೇನೆ. ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತಿದೆ. ಬೇಗ ಮುಗಿಸಿ.

ಅಡಿಕೆ ದಬ್ಬೆ:
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಬೆಳೆ ವಿಮೆಗೂ ಹೀಗೆ ಕೇಳಬಹುದಾ? ಅಡಿಕೆಗೆ ನಮ್ಮಲ್ಲಿ ಹವಾಮಾನ ಆಧಾರಿತ ವಿಮೆ. ಎಷ್ಟು ಮಳೆ ಬಿತ್ತು ಅನ್ನುವುದರ ಮೇಲೆ ಪರಿಹಾರ ಲೆಕ್ಕ ಹಾಕುತ್ತಾರೆ, ತೋಟಕ್ಕೆ ಬಂದು ಕೊಳೆ ರೋಗ ನೋಡುವುದಿಲ್ಲ. ಹೋದ ಮಳೆಗಾಲ ಮೂರು ಸಲ ಬೋರ್ಡೋ ಔಷಧ ಹೊಡೆದರೂ ಅರ್ಧ ಅಡಿಕೆ ನೆಲಕ್ಕೆ ಬಿತ್ತು. ಪಕ್ಕದ ಪಂಚಾಯಿತಿಯವರಿಗೆ ದುಡ್ಡು ಬಂತು, ನಮಗೆ ಇಷ್ಟೇ ಇಷ್ಟು. ಮಧ್ಯೆ ಇರುವುದು ಒಂದು ಬೇಲಿ. ಮೋಡ ಬೇಲಿ ನೋಡಿ ನಿಲ್ಲುತ್ತದಾ?

ಪತ್ರೊಡೆ ಪ್ರಿಯ:
ಇದು ವಿಷಯ ಬಿಟ್ಟು ಹೋದದ್ದಲ್ಲ, ಇದೇ ವಿಷಯ. ಮಳೆ ಲೆಕ್ಕ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿಂದ ಬರುತ್ತದೆ, ಅದು ಸರ್ಕಾರದ್ದೇ ಸಂಸ್ಥೆ. ‘ನಮ್ಮ ಪಂಚಾಯಿತಿಯ ಮಳೆಮಾಪಕದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನವಹಿ ದಾಖಲೆ, ಮಾಪಕ ಕೆಟ್ಟಿದ್ದ ದಿನಗಳ ಪಟ್ಟಿ, ಆ ದಿನಗಳಿಗೆ ಯಾವ ಮಾಪಕದ ಲೆಕ್ಕ ತೆಗೆದುಕೊಂಡರು ಎಂಬ ದಾಖಲೆ’ ಅಂತ ಕೇಳಿ. ಆ ಮೂರನೆಯದೇ ಮುಖ್ಯ. ಮಾಪಕ ಕೆಟ್ಟರೆ ನಿಮ್ಮ ಮಳೆ ಬೇರೆ ಊರಿನಲ್ಲಿ ಸುರಿಯುತ್ತದೆ.

ಅಡಿಕೆ ದಬ್ಬೆ:
ಅಬ್ಬ! ಇದು ನಮಗೆ ಹೊಳೆದೇ ಇರಲಿಲ್ಲ. ವಿಮಾ ಕಂಪನಿ ಖಾಸಗಿಯದಾದರೆ?

ಲಾ ಓದುತ್ತಿರುವವಳು:
ನೇರವಾಗಿ ಕಂಪನಿಗೆ ಹಾಕಲು ಆಗುವುದಿಲ್ಲ. ಆದರೆ ಬೇರೆ ಕಾನೂನಿನ ಪ್ರಕಾರ ಖಾಸಗಿ ಸಂಸ್ಥೆಯಿಂದ ಇಲಾಖೆ ಪಡೆಯಬಹುದಾದ ಮಾಹಿತಿಯೂ ‘ಮಾಹಿತಿ’ಯೇ ಅಂತ 2(ಎಫ್) ಹೇಳುತ್ತದೆ. ತೋಟಗಾರಿಕೆ ಇಲಾಖೆಗೆ ಹಾಕಿ. ಸಹಕಾರ ಸಂಘದ ವಿಷಯವೂ ಸುಮಾರು ಹೀಗೇ. ಸರ್ಕಾರದ ದೊಡ್ಡ ಮಟ್ಟದ ಹಣ ಇಲ್ಲದ ಸೊಸೈಟಿ ಈ ಕಾಯ್ದೆಗೆ ಬರುವುದಿಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ಹತ್ತಿರ ಇರುವ ಅದೇ ಸೊಸೈಟಿಯ ಮಾಹಿತಿಯನ್ನು ಕೇಳಬಹುದು.

ಸಾಗರದ ಅಕ್ಕ:
ನಮ್ಮ ಮನೆಯದು ಹಳೆಯ ಕತೆ. ಅಜ್ಜ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬುವ ಮೊದಲು ಲಾರಿಯಲ್ಲಿ ತಂದು ಕಾಡಿನ ಅಂಚಿಗೆ ಬಿಟ್ಟರು, ಇಲ್ಲೇ ಉಳುಮೆ ಮಾಡಿ ಅಂದರು. ಮಾಡಿದರು. ಈಗಲೂ ಪಹಣಿಯಲ್ಲಿ ಅರಣ್ಯ ಅಂತಲೇ ಬರುತ್ತದೆ. ಮಧ್ಯೆ ಒಂದಷ್ಟು ಜಾಗವನ್ನು ಅರಣ್ಯದಿಂದ ಬಿಡಿಸಿ ಆದೇಶ ಮಾಡಿದ್ದರು, ಕೇಂದ್ರದ ಒಪ್ಪಿಗೆ ತೆಗೆದುಕೊಂಡಿರಲಿಲ್ಲ ಅಂತ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಅಪ್ಪಯ್ಯ ಸಾಯುವವರೆಗೂ ಒಂದು ಕಾಗದ ಹುಡುಕುತ್ತಿದ್ದರು, ಅಜ್ಜನಿಗೆ ಜಾಗ ತೋರಿಸಿಕೊಟ್ಟ ಪಟ್ಟಿ. ಈ ಕಚೇರಿಯವರು ಆ ಕಚೇರಿ ಅಂದರು, ಆ ಕಚೇರಿಯವರು ಮಳೆಗೆ ನೆನೆದು ಹೋಯಿತು ಅಂದರು.

ನೀವೆಲ್ಲ ಕಲಂ ಹೇಳುತ್ತೀರಿ, ಸಂತೋಷ. ಕಾಗದವೇ ಇಲ್ಲದಿದ್ದರೆ ಯಾವ ಕಲಂ?

ನಿವೃತ್ತ ಗುಮಾಸ್ತ:
ಅಕ್ಕಾ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ರೆಕಾರ್ಡ್ ರೂಮಿನ ಸ್ಥಿತಿ ನನಗೆ ಗೊತ್ತು. ನಾನು ಇದ್ದ ಒಂದು ಕಡೆ ಹಂಚು ಸೋರುತ್ತಿತ್ತು. ಕೆಂಪು ಬಟ್ಟೆಯ ಕಟ್ಟು ಬಿಚ್ಚಿದರೆ ಒಳಗೆ ಗೆದ್ದಲು ಮಣ್ಣು, ಕಾಗದ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆಗಸ್ಟ್‌ನಲ್ಲಿ ಕಡತಗಳಿಗೆ ಬೂಸ್ಟು. ಹೀಟರ್ ಕೇಳಿದರೆ ನಕ್ಕಿದ್ದರು.

ಆದರೂ ಒಂದು ಹಿಡಿಯಬಹುದು. ಕಡತ ಕಳೆದಿದೆ ಅನ್ನುವುದು ನಿರಾಕರಿಸಲು ಕಾರಣವಲ್ಲ, ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ರಾಜ್ಯದ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರಕಾರ ದಾಖಲೆ ಕಾಪಾಡುವುದು ಕಚೇರಿಯ ಹೊಣೆ. ಹಾಗಾಗಿ ‘ಕಡತ ಕಳೆದ ಬಗ್ಗೆ ಮಾಡಿದ ಹುಡುಕಾಟದ ದಾಖಲೆ, ದೂರು ಕೊಟ್ಟಿದ್ದರೆ ಅದರ ಪ್ರತಿ’ ಕೇಳಿ. ಈ ಅರ್ಜಿ ಬಿದ್ದ ಮೇಲೆ ಸಿಕ್ಕ ಕಡತಗಳನ್ನು ಕಣ್ಣಾರೆ ಕಂಡಿದ್ದೇನೆ, ಬೀರುವಿನ ಹಿಂದೆ, ಸಾಹೇಬರ ಮನೆಯಲ್ಲಿ. ಒಂದು ಸಲ ಟೇಬಲ್ ಅಲುಗದಂತೆ ಕಾಲಿನ ಅಡಿಗೆ ಇಟ್ಟಿದ್ದರು.

ಓಡಿ ಬಂದವ ಬೆಂಗಳೂರಿಗೆ:
ಸ್ವೀಡನ್‌ನಲ್ಲಿ 1766ರಲ್ಲೇ ಸರ್ಕಾರಿ ಕಾಗದ ನೋಡುವ ಹಕ್ಕು ಜನರಿಗೆ ಕೊಟ್ಟಿದ್ದರು.

ಮಲೆನಾಡ ಗಿಡ್ಡ:
ಅಲ್ಲಿ ಗೆದ್ದಲು ಇಲ್ಲ.

ಹಿನ್ನೀರ ದಡದವ:
ಗುಮಾಸ್ತರೇ, ನಿಮ್ಮ ಮಾತಿನಂತೆ ಹೊಸ ಅರ್ಜಿ ಬರೆಯಲು ಕೂತೆ. ಠರಾವು, ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಎಂ.ಬಿ., ಬಿಲ್ಲು, ಫೋಟೋ ಎಲ್ಲ ಸೇರಿಸಿದೆ. ಈಗ ಒಬ್ಬರು ಹೇಳುತ್ತಾರೆ 150 ಪದ ದಾಟಬಾರದು ಅಂತ. ನಿಜವಾ?

ಪತ್ರೊಡೆ ಪ್ರಿಯ:
ನಿಜ. ಕರ್ನಾಟಕದ ನಿಯಮದಲ್ಲಿ 2008ರಿಂದ ಹಾಗಿದೆ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಆದರೆ ನಾವು ಕನ್ನಡದವರು, ಹೆದರಬೇಡಿ. ‘ಕೊಡಬೇಕಾಗಿರುವುದರಿಂದಲೇ’ ಅನ್ನುವುದು ಒಂದೇ ಪದ. ಇಂಗ್ಲಿಷಿನವರಿಗೆ ಇದೇ ಅರ್ಧ ಸಾಲು.

ತುಂಗೆಯ ತಡಿ:
ಸಂಧಿ ಸಮಾಸ ಕಲಿಸಿದ ಮೇಷ್ಟ್ರು ಈಗ ನೆನಪಾದರು. ಯಾವುದಕ್ಕೆ ಉಪಯೋಗ ಅಂತ ಆಗ ಕೇಳಿದ್ದೆ.

ಲಾ ಓದುತ್ತಿರುವವಳು:
ಎಲ್ಲದರ ಪ್ರತಿ ಕೇಳುವುದಕ್ಕಿಂತ ಒಳ್ಳೆಯ ದಾರಿ ಇದೆ ಅಣ್ಣ. ‘ಕಡತ ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಕೇಳಿ. ಹೋಗಿ ಕೂತು ನೋಡಬಹುದು, ಮೊದಲ ಒಂದು ಗಂಟೆಗೆ ಶುಲ್ಕ ಇಲ್ಲ. ಬೇಕಾದ ಪುಟಕ್ಕೆ ಮಾತ್ರ 2 ರೂಪಾಯಿ ಕೊಟ್ಟು ಪ್ರತಿ ತೆಗೆಸಿ. ಕಾಯ್ದೆಯಲ್ಲಿ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕಿದೆ, ವಸ್ತುವಿನ ದೃಢೀಕೃತ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೆ. ಅಂದರೆ ಸಂಕದ ಒಂದು ತುಂಡು ಕಾಂಕ್ರೀಟ್ ಕೊಡಿ ಅಂತಲೂ ಕೇಳಬಹುದು.

ಮಲೆನಾಡ ಗಿಡ್ಡ:
ಇಲ್ಲದ ಸಂಕದ ತುಂಡು! ದಯವಿಟ್ಟು ಕೇಳಿ. ಉತ್ತರ ಇಲ್ಲಿ ಹಾಕಿ.

ನಿವೃತ್ತ ಗುಮಾಸ್ತ:
ನರೇಗಾದಲ್ಲಿ ಮಾಡಿದ್ದಾದರೆ ಕೆಲಸದ ಮೊದಲು, ನಡುವೆ, ಮುಗಿದ ಮೇಲೆ ಮೂರು ಹಂತದ ಫೋಟೋ ಜಾಗದ ಗುರುತಿನ ಸಮೇತ ಇರಬೇಕು. ಅದನ್ನು ಮೊದಲು ನೋಡಿ. ಅಳತೆ ಸುಳ್ಳು ಹೇಳಬಹುದು, ಫೋಟೋದ ಹಿಂದೆ ಕಾಣುವ ಮರ ಸುಳ್ಳು ಹೇಳುವುದಿಲ್ಲ.

ಕೊಡಚಾದ್ರಿ ಮಂಜು:
ಕೂಲಿಯವರ ಹೆಸರು ಕೇಳಿದರೆ ‘ವೈಯಕ್ತಿಕ ಮಾಹಿತಿ’ ಅನ್ನುತ್ತಾರೆ, ಸಿದ್ಧವಾಗಿ ಹೋಗಿ. ನನಗೆ ಹಾಗೇ ಹೇಳಿದರು.

ಲಾ ಓದುತ್ತಿರುವವಳು:
8(1)(ಜೆ) ಅದು, ವೈಯಕ್ತಿಕ ಮಾಹಿತಿ ಕೊಡದಿರಲು ವಿನಾಯಿತಿ ಕೊಡುವ ಕಲಂ. ಮೊದಲು ಅದರಲ್ಲೇ ಸಾರ್ವಜನಿಕ ಹಿತ ಇದ್ದರೆ ಕೊಡಬೇಕು ಅಂತ ಇತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಜನರಿಗೂ ನಿರಾಕರಿಸುವಂತಿಲ್ಲ ಅಂತ ಒಂದು ಚಂದದ ಸಾಲೂ ಇತ್ತು. 2023ರ ವೈಯಕ್ತಿಕ ಡೇಟಾ ಕಾಯ್ದೆ ತಂದಾಗ ಅದನ್ನೆಲ್ಲ ಕತ್ತರಿಸಿ ‘ವೈಯಕ್ತಿಕ ಮಾಹಿತಿ’ ಅಂತಷ್ಟೇ ಉಳಿಸಿದರು. ನನಗೆ ಬಹಳ ಸಿಟ್ಟು ಬಂದ ವಿಷಯ ಇದು. ಆದರೂ 8(2) ಉಳಿದಿದೆ. ರಕ್ಷಿಸುವ ಹಿತಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ಅರ್ಜಿಯಲ್ಲೇ ಅದನ್ನು ಬರೆದುಬಿಡಿ.

ಪತ್ರೊಡೆ ಪ್ರಿಯ:
ಬೈಂದೂರು ಕಡೆ 2022ರಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಇದಕ್ಕಿಂತ ದೊಡ್ಡ ಸಾರ್ವಜನಿಕ ಹಿತ ಏನು ಬೇಕು.

ಹಿನ್ನೀರ ದಡದವ:
ಸ್ವಲ್ಪ ದಿನ ಈ ಕಡೆ ಬರಲಿಲ್ಲ. ಇವತ್ತು ಹೋಗಿ ಕಡತ ನೋಡಿ ಬಂದೆ. ಹೇಳುತ್ತೇನೆ, ಕೂತು ಕೇಳಿ.

ಪರಿಶೀಲನೆ ಅಂತ ಬರೆದಿದ್ದಕ್ಕೋ ಏನೋ, ಈ ಸಲ ಜಗಳ ಆಗಲಿಲ್ಲ. ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಡಂ ಬಂದು ಆರೇ ತಿಂಗಳಾಯಿತಂತೆ. ಕುರ್ಚಿ ಹಾಕಿಸಿದರು. ಎಂ.ಬಿ.ಯನ್ನು ತಾಲ್ಲೂಕಿನಿಂದ ತರಿಸಿಯೇ ಇಟ್ಟಿದ್ದರು. ಗುಮಾಸ್ತರು ಹೇಳಿದ ಹಾಗೆ ಮೊದಲು ಕಡತದಲ್ಲಿದ್ದ ಫೋಟೋ ನೋಡಿದೆ. ಸಂಕ ಇದೆ! ಕಾಂಕ್ರೀಟಿನದ್ದೇ, ಕೈಹಿಡಿ ಸಮೇತ, ಚೆನ್ನಾಗಿಯೇ ಇದೆ. ಆದರೆ ನಮ್ಮ ಹಳ್ಳ ಅಲ್ಲ. ಹಿಂದೆ ಒಂದು ನೀಲಿ ಕಬ್ಬಿಣದ ಗೇಟು ಕಾಣುತ್ತದೆ, ಅದು ಯಾರ ತೋಟದ ಗೇಟು ಅಂತ ನಮ್ಮ ಕಡೆ ಚಿಕ್ಕ ಮಗುವಿಗೂ ಗೊತ್ತು. ನಮ್ಮಿಂದ ಎರಡು ಕಿಲೋಮೀಟರ್ ಕೆಳಗೆ. ಆ ತೋಟಕ್ಕೆ ಹೋಗಲು ಬಿಟ್ಟರೆ ಆ ಸಂಕದಿಂದ ಇನ್ನೆಲ್ಲಿಗೂ ದಾರಿ ಇಲ್ಲ.

ಕೊಡಚಾದ್ರಿ ಮಂಜು:
ನಾನು ಹೇಳಲಿಲ್ವಾ! ನಾಳೆಯೇ ದೂರು ಕೊಡಿ.

ಹಿನ್ನೀರ ದಡದವ:
ತಡೆಯಿರಿ, ಮುಗಿದಿಲ್ಲ. ಜಾಗ ಬದಲಾಯಿಸಿದ್ದು ಯಾರು ಅಂತ ನೋಡಲು ನಡಾವಳಿ ಪುಸ್ತಕ ಕೇಳಿದೆ. ಕೊಟ್ಟರು. ‘ಸ್ಥಳೀಯರ ಕೋರಿಕೆಯ ಮೇರೆಗೆ ಸದರಿ ಕಾಮಗಾರಿಯನ್ನು ಕೆಳಭಾಗದ ಹಳ್ಳಕ್ಕೆ ಬದಲಾಯಿಸಲು ಒಪ್ಪಿಗೆ’ ಅಂತ ಠರಾವು ಇದೆ. ಕೆಳಗೆ ಸಹಿಗಳು. ಆರನೇ ಸಹಿ ನಮ್ಮ ಅಪ್ಪಯ್ಯನದ್ದು.

ಸಾಗರದ ಅಕ್ಕ:
ಅಯ್ಯೋ.

ಹಿನ್ನೀರ ದಡದವ:
ಮನೆಗೆ ಬಂದು ಕೇಳಿದೆ. ಅಪ್ಪಯ್ಯ ಎಲೆಅಡಿಕೆ ಕವಳ ಹಾಕಿಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, ಗ್ರಾಮಸಭೆಗೆ ಹೋದರೆ ಬಾಗಿಲಲ್ಲೇ ಪುಸ್ತಕ ಇಟ್ಟಿರುತ್ತಾರೆ, ಹಾಜರಿಗೆ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ, ಮೇಲೆ ಪುಟ ಖಾಲಿ ಇತ್ತು ಅಂತ.

ನಿವೃತ್ತ ಗುಮಾಸ್ತ:
ಸಹಿ ಮೊದಲು, ಠರಾವು ಆಮೇಲೆ. ಇದನ್ನು ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಾನೂ ಅಂಥ ಪುಟ ತುಂಬಿಸಿದ್ದೇನೆ, ಮೇಲಿನವರು ಹೇಳಿದ ಹಾಗೆ. ಆ ಪುಟದ ದೃಢೀಕೃತ ಪ್ರತಿ ತೆಗೆದುಕೊಂಡಿರಾ?

ಹಿನ್ನೀರ ದಡದವ:
ತೆಗೆದುಕೊಂಡೆ. ಪುಟಕ್ಕೆ 2ರಂತೆ ಒಟ್ಟು 18 ರೂಪಾಯಿ, ರಸೀದಿ ಇದೆ.

ಲಾ ಓದುತ್ತಿರುವವಳು:
ಇಓ ಅವರಿಗೆ ದೂರು ಬರೆಯುವಾಗ ಅಪ್ಪಯ್ಯನವರ ಹೇಳಿಕೆಯನ್ನೂ ಸೇರಿಸಿ. ಬೇರೆ ಸಹಿ ಹಾಕಿದವರನ್ನೂ ಕೇಳಿ ನೋಡಿ. ಕರಡು ನಾನು ಮಾಡಿಕೊಡುತ್ತೇನೆ.

ತುಂಗೆಯ ತಡಿ:
ಇನ್ನು ಮೇಲೆ ಪುಟ ತುಂಬಿದ ಮೇಲೇ ಸಹಿ ಅಂತ ನಮ್ಮ ಮನೆಯಲ್ಲೂ ಹೇಳಬೇಕು.

ಹಿನ್ನೀರ ದಡದವ:
ಆಯ್ತು ತಂಗಿ, ಕಳಿಸಿ. ಅಪ್ಪಯ್ಯ ಬರೆದುಕೊಡುತ್ತೇನೆ ಅಂದಿದ್ದಾರೆ. ಇನ್ನೈವರನ್ನು ನೋಡಬೇಕು, ಅವರಲ್ಲಿ ಇಬ್ಬರು ನೀಲಿ ಗೇಟಿನವರ ನೆಂಟರು. ಅದೆಲ್ಲ ಆಗುವಾಗ ಆಗಲಿ. ಈ ವರ್ಷದ ಮಳೆ ಅಂತೂ ಕಾಯುವುದಿಲ್ಲ. ಭಾನುವಾರ ಅಡಿಕೆ ಮರದ ಸಂಕ ಹಾಕುತ್ತೇವೆ, ಮರ ಕಡಿದು ಇಟ್ಟಾಗಿದೆ. ಹತ್ತಿರದವರು ಯಾರಾದರೂ ಬಂದರೆ ಕೈಜೋಡಿಸಬಹುದು.

ಮಲೆನಾಡ ಗಿಡ್ಡ:
ನಾನು ಬರುತ್ತೇನೆ. ಕತ್ತಿ ನನ್ನದು, ಹಗ್ಗ ನಿಮ್ಮದು. ಅಳತೆ ಮಾತ್ರ ಗುಮಾಸ್ತರು ಬರೆಯಲಿ.

ನಿವೃತ್ತ ಗುಮಾಸ್ತ:
ಟೇಪು ತರುತ್ತೇನೆ. ಬೆಳಿಗ್ಗೆ ಮೊದಲ ಬಸ್ಸಿಗೆ ಎಲ್ಲಿ ಇಳಿಯಬೇಕು ಹೇಳಿ.